ಜುಕಿನಿ ಮನೆ ತುಂಬಿದಾಗ: ಹಿಂಡಿ, ಒಣಗಿಸಿ, ಫ್ರೀಜರಿಗಿಟ್ಟು ಮಳೆಗಾಲದವರೆಗೆ ಉಳಿಸುವ ಬಗೆ

ಜುಕಿನಿಯ ನಾಲ್ಕು ಗಿಡ ಹಚ್ಚಿದ್ದು ನನ್ನದೇ ತಪ್ಪು. ದೀಪಾವಳಿ ಮುಗಿದ ವಾರ ಭಾಗ್ಯನಗರದ ನಮ್ಮ ಹಿತ್ತಲಲ್ಲಿ ಬೀಜ ಊರಿದೆ. ಡಿಸೆಂಬರ್ ಕೊನೆಗೆ ಮೊದಲ ಕಾಯಿ ಸಿಕ್ಕಾಗ ಮನೆಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದ ನೆಂಟರು ಉಂಡು, ಕೈಚೀಲದಲ್ಲಿ ಎರಡೆರಡು ಒಯ್ದ ಮೇಲೂ ಅಡುಗೆಮನೆಯ ಪುಟ್ಟಿ ತುಂಬಿಯೇ ಇತ್ತು. ಪಕ್ಕದ ಮನೆಗೆ ಮೂರನೇ ಸಲ ಕೊಡಲು ಹೋದಾಗ ಅವರು ಬಾಗಿಲಲ್ಲೇ ಕೈ ಅಡ್ಡ ಮಾಡಿದರು: “ಅಕ್ಕಾರ, ಇದು ಸವತಿಕಾಯೋ ಹೀರಿಕಾಯೋ ಮೊದ್ಲ ಹೇಳ್ರಿ. ಯಾವುದರ ರುಚೀನೂ ಬರವಲ್ದು.”

ಎರಡೂ ಅಲ್ಲ, ಇದು ಕುಂಬಳದ ಪೈಕಿ. ಅಮೆರಿಕ ಖಂಡದಿಂದ ಯುರೋಪಿಗೆ ಹೋದ ಕುಂಬಳವನ್ನು ಇಟಲಿಯವರು ತಿದ್ದಿ ತೀಡಿ ಮಾಡಿಕೊಂಡ ತಳಿ. ಎಳೆಯದಿದ್ದಾಗಲೇ ಕೊಯ್ದು ತಿನ್ನುವ ಕುಂಬಳ ಎಂದುಕೊಂಡರೆ ಸರಿ. ಬಲಿತ ಕುಂಬಳ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ, ಇದು ಅಡುಗೆಮನೆಯಲ್ಲಿ ಐದಾರು ದಿನಕ್ಕೇ ಜೋಲುತ್ತದೆ. ಸಿಪ್ಪೆ ತೆಳು, ಒಳಗೆ ಬರೀ ನೀರು: ನೂರು ಗ್ರಾಂ ಕಾಯಿಯಲ್ಲಿ 95 ಗ್ರಾಂನಷ್ಟು ನೀರೇ.

ಕೂಡಿಡುವ ಕೆಲಸವೆಲ್ಲ ಈ ನೀರಿನ ಜೊತೆಗಿನ ಜಗಳ. ಹಿಂಡಿ ತೆಗೆಯಬೇಕು, ಬಿಸಿಲಿಗಿಟ್ಟು ಹಾರಿಸಬೇಕು, ಇಲ್ಲವೇ ಫ್ರೀಜರಿನಲ್ಲಿ ಕಲ್ಲು ಮಾಡಿ ನಿಲ್ಲಿಸಬೇಕು. ಹೊರದೇಶದ ಜುಕಿನಿ ಪಾಠಗಳಲ್ಲಿ ಫ್ರೀಜರ್‌ಗೇ ಮೊದಲ ಮಣೆ, ಏಕೆಂದರೆ ಅವರ ಕಡೆ ನಂಬಿಕೊಳ್ಳುವಂಥ ಬಿಸಿಲು ಕಡಿಮೆ. ನಮ್ಮಲ್ಲಿ ಉಲ್ಟಾ. ಕರೆಂಟ್ ಕೈಕೊಟ್ಟೀತು, ಫೆಬ್ರವರಿಯಿಂದ ಮೇವರೆಗೆ ಬಿಸಿಲು ಕೈಕೊಡುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಇಷ್ಟು: ಕೊಯ್ದ ಕಾಯಿಯಲ್ಲಿ ಮೂರರಲ್ಲೊಂದು ಪಾಲು ಫ್ರೀಜರಿಗೆ, ಉಳಿದ ಎರಡು ಪಾಲು ಮಾಳಿಗೆಗೆ.

ಕೊಯ್ಲು ಮತ್ತು ವಿಂಗಡಣೆ

ಕೂಡಿಡಲು ಒಳ್ಳೆಯದು ಒಂದು ಗೇಣಿಗಿಂತ ಚಿಕ್ಕ ಕಾಯಿ, ಅಂದರೆ 15ರಿಂದ 20 ಸೆಂಟಿಮೀಟರ್. ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು. ಕೈಯಿಂದ ತಿರುಚಿ ಕೀಳಬೇಡಿ, ಚಾಕುವಿನಿಂದ ಎರಡು ಬೆರಳಷ್ಟು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಕಿತ್ತುಹೋದ ಜಾಗದಿಂದಲೇ ಕೊಳೆ ಶುರುವಾಗುವುದು. ಎಲೆ ಮತ್ತು ದಂಟಿನ ಮೇಲೆ ಮುಳ್ಳಿನಂಥ ಸುಂಕು ಇರುತ್ತದೆ, ಪೂರ್ಣ ತೋಳಿನ ಹಳೆಯ ಅಂಗಿ ಹಾಕಿಕೊಂಡು ಇಳಿಯಿರಿ.

ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾನು ಸಂಕ್ರಾಂತಿಗೆ ತವರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಎಲೆಯಡಿ ಒಂದು ಕಾಯಿ ಮಲಗಿತ್ತು, ಮಗನ ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ. ಇಂಥವನ್ನು ಎಸೆಯಬೇಡಿ. ಉದ್ದಕ್ಕೆ ಸೀಳಿ, ಬೀಜ ಮತ್ತು ಹತ್ತಿಯಂಥ ತಿರುಳನ್ನು ಚಮಚದಿಂದ ಕೆರೆದು ತೆಗೆದರೆ ಉಳಿದ ಗಟ್ಟಿ ಭಾಗ ಸಂಡಿಗೆಗೆ ಎಳೆಯದಕ್ಕಿಂತ ಒಳ್ಳೆಯದು.

ಆಮೇಲೆ ಮೂರು ಗುಂಪು ಮಾಡಿ. ಎಳೆಯ, ಕಲೆಯಿಲ್ಲದವು ಬಿಲ್ಲೆ ಮಾಡಲಿಕ್ಕೆ. ಡೊಂಕು, ತರಚಿದ ಕಾಯಿಗಳು ತುರಿಯಲಿಕ್ಕೆ. ದೊಡ್ಡವು ಸಂಡಿಗೆಗೆ. ಹಣ್ಣಿನ ನೊಣ ಚುಚ್ಚಿದ ಕಾಯಿಯಲ್ಲಿ ಅಂಟು ಒಸರಿ ಸಣ್ಣ ತೂತು ಕಾಣುತ್ತದೆ. ಸೀಳಿ ನೋಡಿ, ಹುಳು ಇದ್ದರೆ ಅದನ್ನು ಕೂಡಿಡುವ ಗೊಡವೆ ಬೇಡ. ಅದನ್ನು ಹಿತ್ತಲಲ್ಲೇ ಬಿಸಾಡಿದರೆ ಮುಂದಿನ ವಾರ ನೊಣ ದುಪ್ಪಟ್ಟಾಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗೆ ಹಾಕಿ.

ಅದೇ ದಿನ ಕೈಹಚ್ಚಲು ಆಗದಿದ್ದರೆ ತೊಳೆಯದೆ ಫ್ರಿಜ್‌ನ ತರಕಾರಿ ಡಬ್ಬದಲ್ಲಿಡಿ, ಒಂದು ವಾರ ತಡೆಯುತ್ತದೆ. ಐಸ್ ಗೂಡಿನ ಕೆಳಗಿನ ಅಂಕಣದಲ್ಲಿ ಬೇಡ. 5 ಡಿಗ್ರಿಗಿಂತ ಕೆಳಗೆ ಬಹಳ ದಿನ ಇದ್ದರೆ ಸಿಪ್ಪೆಯ ಮೇಲೆ ಗುಳಿ ಬಿದ್ದು ನೀರು ಬಿಡುತ್ತದೆ.

ಒಂದು ಚೂರು ನಾಲಗೆಗೆ

ಈ ಹೆಜ್ಜೆಯನ್ನು ಮಾತ್ರ ಯಾರೂ ಬಿಡಬಾರದು. ಪ್ರತಿ ಕಾಯಿಯ ತೊಟ್ಟಿನ ಕಡೆಯಿಂದ ಒಂದು ತೆಳು ಚೂರು ಹಸಿಯಾಗಿ ನಾಲಗೆಯ ಮೇಲಿಡಿ. ಕಹಿ ಇದ್ದರೆ ಉಗಿಯಿರಿ, ಇಡೀ ಕಾಯಿ ಎಸೆಯಿರಿ, ಆ ಗಿಡದ ಉಳಿದ ಕಾಯಿಗಳನ್ನೂ ತಿನ್ನಬೇಡಿ.

ನಮಗೆ ಹಾಗಲಕಾಯಿ ರೂಢಿ, “ಕಹಿ ಮೈಗೆ ಒಳ್ಳೇದು” ಅಂದುಬಿಡುತ್ತೇವೆ. ಹಾಗಲದ ಕಹಿ ಅದರ ಹುಟ್ಟುಗುಣ. ಜುಕಿನಿಯಲ್ಲಿ ಕಹಿ ಬಂದರೆ ಅದು ಕುಕುರ್ಬಿಟಾಸಿನ್ ಎಂಬ ವಿಷದ ಗುರುತು. ಕುದಿಸಿದರೂ ಒಣಗಿಸಿದರೂ ಉಪ್ಪಿನಲ್ಲಿಟ್ಟರೂ ಹೋಗುವುದಿಲ್ಲ. ವಾಂತಿ ಭೇದಿ ಜೋರಾಗಿ ಆಸ್ಪತ್ರೆ ಸೇರಬೇಕಾದೀತು. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲೇ ಬೆಳೆದ ಕಹಿ ಜುಕಿನಿಯ ಅಡುಗೆ ಉಂಡು ವೃದ್ಧರೊಬ್ಬರು ತೀರಿಕೊಂಡರು. ಹಿಂದಿನ ವರ್ಷದ ಕಾಯಿಯಿಂದ ನೀವೇ ಬೀಜ ಎತ್ತಿಟ್ಟು ಊರಿದ್ದರೆ ಇನ್ನಷ್ಟು ಎಚ್ಚರ ಬೇಕು. ಹತ್ತಿರದಲ್ಲಿ ಅದೇ ಜಾತಿಯ ಅಲಂಕಾರಿಕ ಕುಂಬಳವೋ ಕಾಡುಬಳ್ಳಿಯೋ ಇದ್ದರೆ ಪರಾಗ ಬೆರೆತು, ಆ ಬೀಜದ ಗಿಡದಲ್ಲಿ ಕಹಿ ಕಾಯಿ ಬರುವುದುಂಟು. ನಾನು ವರ್ಷಕ್ಕೊಂದು ಹೊಸ ಪೊಟ್ಟಣ ತರುತ್ತೇನೆ. ಒಂದು ಕಹಿ ಕಾಯಿ ಹತ್ತು ಕೆಜಿ ಸಂಡಿಗೆ ಹಿಟ್ಟಿಗೆ ಬಿದ್ದರೆ ಗತಿ ಏನು ಅಂತ ಯೋಚಿಸಿ.

ತುರಿದು, ಹಿಂಡಿ, ಫ್ರೀಜರಿಗೆ

ತೊಳೆದು ಒರೆಸಿ, ಎರಡೂ ತುದಿ ಕತ್ತರಿಸಿ, ಸಿಪ್ಪೆ ಸಮೇತ ತುರಿಮಣೆಯ ದಪ್ಪ ಕಣ್ಣಿನಲ್ಲಿ ತುರಿಯಿರಿ. ಸಣ್ಣ ಕಣ್ಣಿನಲ್ಲಿ ತುರಿದರೆ ಗಂಜಿಯಾಗುತ್ತದೆ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲಿ. ತೂತಿನ ತಟ್ಟೆಯ ಮೇಲೆ ತೆಳು ಬಟ್ಟೆ ಹಾಸಿ, ತುರಿಯನ್ನು ಒಂದು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರವಿ ಮುಚ್ಚಿ. ಹಬೆ ಎದ್ದ ಮೇಲೆ ಒಂದೆರಡು ನಿಮಿಷ ಸಾಕು, ಬಣ್ಣ ಹೊಳೆಯುವ ಹಸಿರಿಗೆ ತಿರುಗಿದ್ದು ಕಾಣುತ್ತದೆ. ಬಟ್ಟೆ ಸಮೇತ ಎತ್ತಿ ಐಸ್ ಹಾಕಿದ ನೀರಿನಲ್ಲಿ ಅದ್ದಿ.

ಈ ಹಬೆ ಯಾಕೆ ಅಂತ ನಾನೂ ಮೊದಲು ಬಿಟ್ಟಿದ್ದೆ. ಕಾಯಿಯೊಳಗೆ ಅದನ್ನು ಬಲಿಸಿ ಹಣ್ಣಾಗಿಸುವ ಕಿಣ್ವಗಳಿರುತ್ತವೆ. ಫ್ರೀಜರಿನ ಚಳಿ ಅವನ್ನು ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಎರಡು ತಿಂಗಳಾದ ಮೇಲೆ ನನ್ನ ತುರಿ ಒಣಹುಲ್ಲಿನ ವಾಸನೆ ಹೊಡೆಯಿತು. ಅರೆಬರೆ ಬಿಸಿ ತೋರಿಸುವುದು ಇನ್ನೂ ಕೆಟ್ಟದ್ದು, ಕಿಣ್ವ ಸಾಯುವ ಬದಲು ಚುರುಕಾಗುತ್ತದೆ. ಆದ್ದರಿಂದ ನಿಮಿಷವನ್ನು ಗಡಿಯಾರ ನೋಡಿಯೇ ಎಣಿಸಿ.

ತಣ್ಣಗಾದ ತುರಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿ. ಎರಡು ಕೈಯಿಂದ ತಿರುಚಿ, ಬಿಟ್ಟು, ಮತ್ತೆ ತಿರುಚಿ. ಇನ್ನು ಬರುವುದಿಲ್ಲ ಅನಿಸಿದ ಮೇಲೆ ಮತ್ತೊಂದು ಸಲ ತಿರುಚಿ, ಅರ್ಧ ಲೋಟ ಬಂದೇ ಬರುತ್ತದೆ. ನನ್ನ ತಕ್ಕಡಿಯಲ್ಲಿ ಒಂದು ಕೆಜಿ ತುರಿ ಹಿಂಡಿದ ಮೇಲೆ ಅರ್ಧ ಕೆಜಿಯ ಆಸುಪಾಸು ನಿಲ್ಲುತ್ತದೆ. ಹಿಂಡಿದ ನೀರು ಚೆಲ್ಲಬೇಡಿ. ಜೋಳದ ರೊಟ್ಟಿಗೆ ಎಸರಿಡುವಾಗ ಅದನ್ನೇ ಕುದಿಸಿದರೆ ಹಿಟ್ಟು ಹಸಿರು ಛಾಯೆಗೆ ಬರುತ್ತದೆ, ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ಪೊಟ್ಟಣ ಕಟ್ಟುವುದು. ಇಲ್ಲಿ ಮುಂದಿನ ಅಡುಗೆ ಕಣ್ಣಮುಂದಿರಲಿ. ನಮ್ಮ ಐದು ಜನಕ್ಕೆ ಒಂದು ಹೊತ್ತಿನ ಜುಣಕಕ್ಕೆ (ಕಡಲೆಹಿಟ್ಟಿನ ಪಲ್ಯಕ್ಕೆ) 200 ಗ್ರಾಂ ತುರಿ ಬೇಕು, ಅದಕ್ಕೆ ಎಲ್ಲ ಪೊಟ್ಟಣವೂ 200 ಗ್ರಾಂ. ಜಿಪ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ಹಪ್ಪಳದಂತೆ ತಟ್ಟಿ ಮಲಗಿಸಿ. ಚಪ್ಪಟೆ ಇದ್ದರೆ ಬೇಗ ಗಟ್ಟಿಯಾಗುತ್ತದೆ, ಒಂದರ ಮೇಲೊಂದು ಕೂರುತ್ತದೆ, ಅರ್ಧವೇ ಬೇಕಾದಾಗ ಮುರಿಯಬಹುದು. ತಾರೀಕು ಮತ್ತು ತೂಕವನ್ನು ಮಾರ್ಕರಿನಿಂದ ಮೊದಲೇ ಬರೆಯಿರಿ, ಒದ್ದೆ ಕವರಿನ ಮೇಲೆ ಆಮೇಲೆ ಬರೆಯಲಾಗದು.

ಬಿಲ್ಲೆಗಳಿಗೆ ಹಬೆಯ ಬದಲು ಕುದಿನೀರು. ಒಂದು ಸೆಂಟಿಮೀಟರಿಗೆ ತುಸು ಹೆಚ್ಚು ದಪ್ಪ ಕತ್ತರಿಸಿ, ಜೋರಾಗಿ ಕುದಿಯುವ ನಾಲ್ಕು ಲೀಟರ್ ನೀರಿಗೆ ಅರ್ಧ ಕೆಜಿಯಂತೆ ಹಾಕಿ, ಮತ್ತೆ ಕುದಿ ಬಂದಾಗಿನಿಂದ ಮೂರು ನಿಮಿಷ. ಅಷ್ಟೇ ಹೊತ್ತು ತಣ್ಣೀರಿನಲ್ಲಿ. ಬಟ್ಟೆಯ ಮೇಲೆ ಹರವಿ ಮೇಲಿನ ನೀರು ಪೂರ್ತಿ ಆರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ಸಾರಿಗೆ, ಹುಳಿಗೆ ಹಾಕುವಾಗ ಕರಗಿಸುವ ಅಗತ್ಯವಿಲ್ಲ, ಕಲ್ಲಿನಂತಿದ್ದಾಗಲೇ ಕುದಿಯುವ ಪಾತ್ರೆಗೆ ಬಿಡಿ. ನಿಜ ಹೇಳಬೇಕೆಂದರೆ ಬಿಲ್ಲೆ ನನಗೆ ಅಷ್ಟು ಒಗ್ಗಲಿಲ್ಲ. ಎಷ್ಟು ಜಾಗ್ರತೆ ಮಾಡಿದರೂ ಪಲ್ಯಕ್ಕೆ ಮೆತ್ತಗೆ, ಸಾರಿಗಷ್ಟೇ ಸರಿ. ಜಾಗ ಕಡಿಮೆ ಇದ್ದರೆ ತುರಿಗೇ ಕೊಡಿ.

ಸರಿಯಾದ ಫ್ರೀಜರ್ ಅಂದರೆ ಮೈನಸ್ 18 ಡಿಗ್ರಿ. ಅದರಲ್ಲಿ ಎಂಟು ಹತ್ತು ತಿಂಗಳು ರುಚಿ ನಿಲ್ಲುತ್ತದೆ. ಒಂಟಿ ಬಾಗಿಲಿನ ಫ್ರಿಜ್‌ನ ಮೇಲಿನ ಐಸ್ ಗೂಡು ಸಾಮಾನ್ಯವಾಗಿ ಅಷ್ಟಕ್ಕೆ ಇಳಿಯುವುದಿಲ್ಲ, ಅದರಲ್ಲಿಟ್ಟಿದ್ದನ್ನು ಒಂದೂವರೆ ತಿಂಗಳೊಳಗೆ ಮುಗಿಸಿ.

ಕರೆಂಟಿನ ಮಾತಿಗೆ ಬಂದರೆ, ಒಂದು ಚಿಕ್ಕ ಬಟ್ಟಲಿನಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟುಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆ ಪೊಟ್ಟಣಗಳು ಗೊಬ್ಬರದ ಗುಂಡಿಗೆ. ಕರೆಂಟ್ ಹೋದಾಗ ಬಾಗಿಲು ತೆರೆಯದಿರುವುದೇ ದೊಡ್ಡ ಉಪಾಯ. ಒತ್ತಾಗಿ ತುಂಬಿದ ಫ್ರೀಜರ್ ಅರೆಖಾಲಿ ಇರುವುದಕ್ಕಿಂತ ದುಪ್ಪಟ್ಟು ಹೊತ್ತು ಚಳಿ ಹಿಡಿದಿಡುತ್ತದೆ. ಜಾಗ ಉಳಿದಿದ್ದರೆ ನೀರಿನ ಬಾಟಲಿ ಮುಕ್ಕಾಲು ತುಂಬಿ ಇಡಿ.

ಬಾಳಕ

ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿದು ತಿನ್ನುವ ಬಾಳಕದ ಮೆಣಸಿನಕಾಯಿ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಚವಳಿಕಾಯಿ (ಗೋರಿಕಾಯಿ), ಹಾಗಲಕಾಯಿಗೂ ಅದೇ ಉಪಚಾರ. ಜುಕಿನಿಗೂ ಮಾಡಿ ನೋಡೋಣ ಅಂದಿದ್ದು ನಮ್ಮ ಅತ್ತೆ. “ನೀರಿನ ಕಾಯಿ ಅದ, ಮಜ್ಜಿಗಿ ಕುಡಿಸಿ ಒಣಗಿಸು ಯವ್ವಾ, ಉಪ್ಪು ಮಾತ್ರ ಕೈ ಹಿಡಿದು ಹಾಕು.” ಮೊದಲ ಅರ್ಧ ಕೇಳಿದೆ, ಕೊನೆಯ ಅರ್ಧ ಕಿವಿಗೆ ಬೀಳಲಿಲ್ಲ.

ಒಂದು ಕೆಜಿ ಕಾಯಿಗೆ ಬೇಕಾದ್ದು: ಎರಡು ದಿನದ ಹುಳಿ ಮಜ್ಜಿಗೆ ಅರ್ಧ ಲೀಟರ್, ನೀರು ಬೆರೆಸದ ದಪ್ಪನೆಯದು. ಉಪ್ಪು 15 ಗ್ರಾಂ, ಅಂದರೆ ಚಹಾ ಚಮಚದಲ್ಲಿ ಮಟ್ಟಸವಾಗಿ ಮೂರಕ್ಕೆ ಕಡಿಮೆ. ಹಸಿಮೆಣಸಿನಕಾಯಿ ಆರು, ಜೀರಿಗೆ ಎರಡು ಚಮಚ, ಇಂಗು ಕಾಲು ಚಮಚ, ಬೇಕಾದರೆ ಅಜವಾನ ಚಿಟಿಕೆ. ಅರಿಶಿಣ ಚಿಟಿಕೆ.

1. ಕಾಯಿಯನ್ನು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ. ಇದಕ್ಕಿಂತ ತೆಳುವಾದರೆ ಬಟ್ಟೆಗೆ ಅಂಟಿ ಹರಿಯುತ್ತದೆ, ದಪ್ಪವಾದರೆ ನಡುವೆ ಹಸಿ ಉಳಿದು ಬೂಸ್ಟು ಬರುತ್ತದೆ.

2. ಮೆಣಸಿನಕಾಯಿ, ಜೀರಿಗೆ, ಉಪ್ಪು, ಇಂಗು ರುಬ್ಬಿ ಮಜ್ಜಿಗೆಗೆ ಕಲಸಿ. ಸ್ಟೀಲ್ ಅಥವಾ ಪಿಂಗಾಣಿ ಪಾತ್ರೆಯಲ್ಲಿ ಬಿಲ್ಲೆಗಳನ್ನು ಅದರಲ್ಲಿ ಮುಳುಗಿಸಿ ರಾತ್ರಿ ಬಿಡಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಕರಗುತ್ತದೆ.

3. ಬೆಳಿಗ್ಗೆ ಬಿಸಿಲೇರಿದ ಮೇಲೆ ಬಿಲ್ಲೆಗಳನ್ನು ಮಾತ್ರ ತೆಗೆದು ಹಳೆಯ ಹತ್ತಿ ಸೀರೆಯ ಮೇಲೆ ಒಂದೊಂದಾಗಿ ಹರವಿ. ಮಜ್ಜಿಗೆಯ ಪಾತ್ರೆಗೂ ಬಟ್ಟೆ ಕಟ್ಟಿ ನೆರಳಿನಲ್ಲಿಡಿ.

4. ಸಂಜೆ ಐದಕ್ಕೆ ಅರೆ ಒಣಗಿದ ಬಿಲ್ಲೆಗಳನ್ನು ಮತ್ತೆ ಅದೇ ಮಜ್ಜಿಗೆಗೆ. ಹೀಗೆ ಮೂರು ದಿನ. ಮೂರನೇ ರಾತ್ರಿಯ ಹೊತ್ತಿಗೆ ಪಾತ್ರೆಯ ಮಜ್ಜಿಗೆ ಬಹುತೇಕ ಬಿಲ್ಲೆಯ ಹೊಟ್ಟೆ ಸೇರಿರುತ್ತದೆ. ಮಜ್ಜಿಗೆ ಗುಲಾಬಿ ಬಣ್ಣಕ್ಕೋ ಕೊಳೆತ ವಾಸನೆಗೋ ತಿರುಗಿದರೆ ಎಲ್ಲ ಚೆಲ್ಲಿ.

5. ನಾಲ್ಕನೇ ದಿನದಿಂದ ಬರೀ ಬಿಸಿಲು. ಮಾರ್ಚಿನಲ್ಲಿ ಎರಡು ದಿನ, ಜನವರಿಯ ಎಳೆ ಬಿಸಿಲಿನಲ್ಲಿ ನಾಲ್ಕು. ಮಡಚಿದರೆ ಬಾಗಬಾರದು, ‘ಟಕ್’ ಅಂತ ಮುರಿಯಬೇಕು.

ಉಪ್ಪಿನ ಕಥೆ ಹೇಳುತ್ತೇನೆ. ಮೊದಲ ವರ್ಷ ಪಲ್ಯಕ್ಕೆ ಹಾಕುವ ಅಂದಾಜಿನಲ್ಲಿ ಕೆಜಿಗೆ ಮೂರು ದೊಡ್ಡ ಚಮಚ ಸುರಿದೆ. ಮಜ್ಜಿಗೆ ರುಚಿ ನೋಡಿದರೆ ಹದವಾಗಿಯೇ ಇತ್ತು. ಆದರೆ ಆ ಒಂದು ಕೆಜಿ ಒಣಗಿ ನೂರು ಗ್ರಾಂ ಆಯಿತು, ಉಪ್ಪು ಎಲ್ಲಿಗೂ ಹೋಗಲಿಲ್ಲ. ಕರಿದು ಬಡಿಸಿದ ದಿನ ನನ್ನ ಯಜಮಾನರು ಒಂದು ಕಚ್ಚಿ, ತಟ್ಟೆಯ ಅಂಚಿಗೆ ಸರಿಸಿ, ಮಾತಾಡದೆ ಎರಡು ಲೋಟ ನೀರು ಕುಡಿದರು. ಅದನ್ನೆಲ್ಲ ಪುಡಿ ಮಾಡಿ ಉಪ್ಪಿನ ಬದಲು ಬ್ಯಾಳಿಗೆ ಹಾಕುತ್ತ ಮುಗಿಸಲು ಮೃಗಶಿರಾ ಮಳೆ ಬರಬೇಕಾಯಿತು.

ಹರವುವ ಜಾಗವೂ ಮುಖ್ಯ. ಕೊಪ್ಪಳದ ಧೂಳು ನಿಮಗೆ ಗೊತ್ತೇ ಇದೆ. ರಸ್ತೆ ಕಡೆಯ ಮಾಳಿಗೆ ಬಿಟ್ಟು ಹಿಂದಿನದು ಆರಿಸಿ, ಮೇಲೊಂದು ತೆಳು ಬಟ್ಟೆ ಅಥವಾ ಸೊಳ್ಳೆ ಪರದೆ ಎಳೆದು ನಾಲ್ಕು ಮೂಲೆಗೆ ಕಲ್ಲಿಡಿ. ಕಲ್ಲು ಸಣ್ಣದಾಗದಿರಲಿ. ಮಾರ್ಚ್ ಮಧ್ಯಾಹ್ನದ ಸುಳಿಗಾಳಿ ನನ್ನ ಸೀರೆಯನ್ನು ಒಮ್ಮೆ ಗೋಪುರದಂತೆ ಎತ್ತಿ ತಿರುಗಿಸಿತು, ಬಾಳಕವೆಲ್ಲ ಮೂರು ಮನೆಯ ಮಾಳಿಗೆಗೆ ಹಂಚಿಹೋಯಿತು. ಆನೆಗೊಂದಿ, ಅಂಜನಾದ್ರಿ ಸುತ್ತಿನವರಿಗೆ ಗಾಳಿಗಿಂತ ಮಂಗಗಳ ಕಾಟ. ಅಲ್ಲಿಯ ನಮ್ಮ ನೆಂಟರು ಹಗ್ಗದ ಮಂಚವನ್ನು ತಲೆಕೆಳಗು ಮಾಡಿ, ಒಳಗೆ ತಟ್ಟೆಗಳನ್ನಿಟ್ಟು, ಕಾಲುಗಳಿಗೆ ಬಲೆ ಬಿಗಿಯುತ್ತಾರೆ. ಸಂಜೆ ತಪ್ಪದೆ ಒಳಗೆ ತನ್ನಿ, ಫೆಬ್ರವರಿಯ ಇಬ್ಬನಿ ದಿನವಿಡೀ ಹಾರಿಸಿದ ನೀರನ್ನು ರಾತ್ರಿಯಲ್ಲಿ ವಾಪಸ್ ತುಂಬುತ್ತದೆ.

ದೊಡ್ಡ ಕಾಯಿಯ ಸಂಡಿಗೆ

ಬೂದುಗುಂಬಳದ ಸಂಡಿಗೆ ಮಾಡಿ ರೂಢಿ ಇದ್ದವರಿಗೆ ಇಲ್ಲಿ ಹೊಸದೇನೂ ಇಲ್ಲ, ಹಿಂಡುವುದು ಮಾತ್ರ ಇನ್ನೂ ಗಟ್ಟಿಯಾಗಿ. ಬೀಜ ತೆಗೆದ ದೊಡ್ಡ ಕಾಯಿ ತುರಿದು, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು ಹಿಂಡಿ. ಹಿಂಡಿದ ತುರಿ ಒಂದು ಕೆಜಿಗೆ ಉದ್ದಿನಬೇಳೆ ಕಾಲು ಕೆಜಿ. ಬೇಳೆಯನ್ನು ನಾಲ್ಕು ತಾಸು ನೆನೆಸಿ, ಆದಷ್ಟು ನೀರಿಲ್ಲದೆ ಗಟ್ಟಿಯಾಗಿ ರುಬ್ಬಿ. ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಅದರಲ್ಲೇ. ಕಲಸಿದ ಹಿಟ್ಟು ಕೈಯಿಂದ ಜಾರದೆ ಉಂಡೆಯಾಗಿ ಬೀಳಬೇಕು. ಜಾರಿದರೆ ಒಂದು ಹಿಡಿ ಅವಲಕ್ಕಿ ಪುಡಿ ಮಾಡಿ ಸೇರಿಸಿ.

ನೆಲ್ಲಿಕಾಯಿ ಗಾತ್ರಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡಿ. ಮೊದಲ ದಿನ ಮೇಲ್ಭಾಗ ಒಣಗಿದಾಗ ತಿರುವಿ ಹಾಕಿ. ನಾಲ್ಕೈದು ದಿನವಾದರೂ ಬೇಕು. ಹೊರಗೆ ಕಲ್ಲಿನಂತೆ ಕಂಡರೂ ಒಂದನ್ನು ಒಡೆದು ಒಳಗೆ ನೋಡದೆ ಡಬ್ಬಿಗೆ ಹಾಕಬೇಡಿ. ಮೋಡದ ದಿನ ಸಂಡಿಗೆಗೆ ಕೈಹಾಕಲೇಬೇಡಿ, ಉದ್ದಿನ ಹಿಟ್ಟು ಒಂದೇ ರಾತ್ರಿಗೆ ಹುಳಿಯುತ್ತದೆ. ಏಪ್ರಿಲ್ ಸಂಜೆಯ ಗುಡುಗು ಮಳೆಗೂ ಇದೇ ಮಾತು.

ಬರೀ ಒಣಗಿಸಿದ್ದು, ಮತ್ತು ಪುಡಿ

ಮಜ್ಜಿಗೆಯ ಗೋಜು ಬೇಡವೆಂದರೆ ಬಿಲ್ಲೆಗಳನ್ನು ಒಂದೂವರೆ ನಿಮಿಷ ಕುದಿನೀರಿಗೆ ಹಾಕಿ ತೆಗೆದು, ಆರಿಸಿ, ಹಾಗೇ ಬಿಸಿಲಿಗೆ. ಉಪ್ಪಿಲ್ಲದ್ದರಿಂದ ಸಾರಿಗೆ, ಬ್ಯಾಳಿಗೆ ಎಲ್ಲಕ್ಕೂ ಬರುತ್ತದೆ. ಒಂದು ಕೆಜಿ ಕಾಯಿ 50-60 ಗ್ರಾಂ ಆಗಿ, ಎರಡು ಹಿಡಿಯಷ್ಟಾಗುತ್ತದೆ. ನೋಡಿದರೆ ಬೇಸರ ಬರುತ್ತದೆ, ಹೋದದ್ದು ನೀರು ಅಷ್ಟೇ.

ಚಟ್ನಿಪುಡಿ ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ. ಗರಿಗರಿ ಒಣಗಿದ ಬಿಲ್ಲೆ 50 ಗ್ರಾಂ, ಗುರೆಳ್ಳು 100 ಗ್ರಾಂ, ಒಣಮೆಣಸಿನಕಾಯಿ ಹತ್ತು (ಬ್ಯಾಡಗಿ ಏಳು, ಖಾರದ್ದು ಮೂರು), ಬಳ್ಳೊಳ್ಳಿ ಎಂಟು ಎಸಳು, ಜೀರಿಗೆ, ಉಪ್ಪು, ಹುಣಸೆಹಣ್ಣು ಚೂರು. ಗುರೆಳ್ಳನ್ನು ಚಟಪಟ ಅನ್ನುವವರೆಗೆ, ಬಿಲ್ಲೆಯನ್ನು ಸಣ್ಣ ಉರಿಯಲ್ಲಿ ಕೆಂಬಣ್ಣ ಬರುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಕುಟ್ಟಿ. ಬಿಸಿಯಿದ್ದಾಗ ಮಿಕ್ಸಿಗೆ ಹಾಕಿದರೆ ಗುರೆಳ್ಳು ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಸಿ ಬಳ್ಳೊಳ್ಳಿ ಬಿದ್ದಿರುವುದರಿಂದ ಈ ಪುಡಿಯನ್ನು ಒಂದು ತಿಂಗಳಿಗಾಗುವಷ್ಟೇ ಮಾಡಿ, ಬಿಲ್ಲೆ ಇಡೀ ಇದ್ದರೇ ಹೆಚ್ಚು ದಿನ ಬಾಳುತ್ತದೆ.

ಡಬ್ಬಿಗೆ ಹಾಕುವ ಮುನ್ನ

ಬಾಳಕ, ಸಂಡಿಗೆ, ಬಿಲ್ಲೆ ಮೂರಕ್ಕೂ ಇದು ಅನ್ವಯ. ಮಾಳಿಗೆಯಿಂದ ತಂದ ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಆರಲಿ. ಗಾಜಿನ ಜಾಡಿಯಲ್ಲಿ ಮೂರರಲ್ಲೆರಡು ಪಾಲು ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ. ಒಂದೆರಡು ಬಿಲ್ಲೆಯಲ್ಲಿ ಉಳಿದ ಪಸೆ ಎಲ್ಲಕ್ಕೂ ಹಂಚಿಹೋಗುತ್ತದೆ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಮತ್ತೆ ಬಿಸಿಲಿಗೆ. ವಾರವಾದ ಮೇಲೂ ಗಲಗಲ ಅಂದರೆ ಗೆದ್ದಿರಿ.

ಬಯಲಲ್ಲಿ ಒಣಗಿದ್ದರಲ್ಲಿ ಕಣ್ಣಿಗೆ ಕಾಣದ ಹುಳುವಿನ ಮೊಟ್ಟೆ ಇರುವುದುಂಟು. ಒಳ್ಳೆಯ ಫ್ರೀಜರ್ ಇದ್ದರೆ ಜಿಪ್ ಕವರಿನಲ್ಲಿ ಎರಡು ದಿನ ಇಟ್ಟು, ಹೊರತೆಗೆದು, ಕವರು ಬಿಚ್ಚದೆ ಮನೆಯ ಬಿಸಿಗೆ ಬರಲು ಬಿಟ್ಟು ಆಮೇಲೆ ಜಾಡಿಗೆ ಹಾಕಿ. ಬೇಗ ಬಿಚ್ಚಿದರೆ ಚಳಿಯ ಬಿಲ್ಲೆಯ ಮೇಲೆ ಗಾಳಿಯ ಪಸೆ ಕೂತುಬಿಡುತ್ತದೆ. ಅತ್ತೆ ಜಾಡಿಗೆ ಒಣ ಬೇವಿನೆಲೆ ಹಾಕುತ್ತಾರೆ, ನಾನು ಬೇಡ ಅನ್ನುವುದಿಲ್ಲ. ದೊಡ್ಡ ಡಬ್ಬಿ ಒಂದಕ್ಕಿಂತ ಚಿಕ್ಕ ಜಾಡಿ ನಾಲ್ಕು ಮೇಲು: ಆಷಾಢದ ತೇವದಲ್ಲಿ ದಿನಾ ಮುಚ್ಚಳ ತೆಗೆದರೆ ಒಂದು ಜಾಡಿ ಮೆತ್ತಗಾದೀತು, ಮೂರು ಉಳಿದಾವು.

ಕರಿಂಡಿ, ವಿನೆಗರ್, ಮತ್ತು ಮಾಡಬಾರದ್ದು

ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಕರಿಂಡಿ, ಅಂದರೆ ಅಗಸಿ ಹಾಕಿ ಹುಳಿ ಬರಿಸಿದ ಚಟ್ನಿ, ಇರಬೇಕು. ಮೊದಲ ಜುಕಿನಿ ಬರುವುದೂ ಅದೇ ಹೊತ್ತಿಗೆ. ಅರ್ಧ ಕೆಜಿ ಎಳೆ ಕಾಯಿಯನ್ನು ಸಣ್ಣ ಚೌಕ ಹೆಚ್ಚಿ, ಎರಡು ಚಮಚ ಉಪ್ಪು ಬೆರೆಸಿ ಒಂದು ತಾಸು ಬಿಟ್ಟು ಹಿಂಡಿ. ಹುರಿದು ಪುಡಿ ಮಾಡಿದ ಅಗಸಿ 100 ಗ್ರಾಂ, ಹಸಿಮೆಣಸಿನಕಾಯಿ ಹದಿನೈದು, ಬಳ್ಳೊಳ್ಳಿ ಒಂದು ಗಡ್ಡೆ, ಜೀರಿಗೆ, ಎರಡು ನಿಂಬೆಹಣ್ಣಿನ ರಸ, ಇನ್ನೊಂದು ಚಮಚ ಉಪ್ಪು ರುಬ್ಬಿ ಕಲಸಿ. ಗಜ್ಜರಿ ಒಂದೆರಡು ಹೆಚ್ಚಿ ಹಾಕಿದರೆ ಕಚ್ಚಲು ಗಟ್ಟಿ ಏನಾದರೂ ಸಿಗುತ್ತದೆ. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಮೂರು ದಿನ, ದಿನಕ್ಕೆರಡು ಸಲ ಒಣ ಚಮಚದಿಂದ ಕಲಕಿ. ಹುಳಿ ವಾಸನೆ ಬಂದ ಮೇಲೆ ಫ್ರಿಜ್‌ಗೆ. ಎರಡು ವಾರದೊಳಗೆ ಮುಗಿಸಿ. ಎಣ್ಣೆಯನ್ನು ತಿನ್ನುವಾಗ ಹಾಕಿಕೊಳ್ಳಿ, ಜಾಡಿಗೆ ಸುರಿಯಬೇಡಿ.

ವಿನೆಗರಿನಲ್ಲಿಡುವವರು ಬಾಟಲಿಯ ಮೇಲಿನ ಆಮ್ಲದ ಪ್ರಮಾಣ ಓದಿ. ಹೊರದೇಶದ ಪಾಕಗಳು 5 ಶೇಕಡದ ವಿನೆಗರಿಗೆ ಬರೆದವು, ನಮ್ಮ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 4ರ ಆಸುಪಾಸಿನದು. ಅವರು ಸಮ ಸಮ ನೀರು ಬೆರೆಸಿ ಅಂದಲ್ಲಿ ನಾನು ಎರಡು ಪಾಲು ವಿನೆಗರಿಗೆ ಒಂದೇ ಪಾಲು ನೀರು ಹಾಕಿ, ಫ್ರಿಜ್‌ನಲ್ಲಿಟ್ಟು, ಮೂರು ವಾರದಲ್ಲಿ ಖಾಲಿ ಮಾಡುತ್ತೇನೆ.

ಕುಕ್ಕರಿನಲ್ಲಿ ಬಾಟಲಿ ಕುದಿಸಿ ಮುಚ್ಚಳ ಬಿಗಿದು ಕಪಾಟಿನಲ್ಲಿಡುವ ಸಾಹಸ ಬೇಡ. ಜುಕಿನಿಯಲ್ಲಿ ಹುಳಿ ಇಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ, ಪಸೆಯಿರುವ ಜಾಗ ಬಾಟುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಹೇಳಿಮಾಡಿಸಿದ ಮನೆ. ಅದರ ಬೀಜಕಣ ಮಾಮೂಲಿ ಕುದಿಗೆ ಸಾಯುವುದಿಲ್ಲ, ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಹೀಗೆ ಬಾಟಲಿ ತುಂಬುವುದಕ್ಕೆ ಅಮೆರಿಕದ ಕೃಷಿ ಇಲಾಖೆಯವರೇ ಹಿಂದೆ ಕೊಟ್ಟಿದ್ದ ಸಮಯದ ಲೆಕ್ಕವನ್ನು ಜುಕಿನಿಯ ಮಟ್ಟಿಗೆ ವಾಪಸ್ ಪಡೆದಿದ್ದಾರೆ. ಬಳ್ಳೊಳ್ಳಿ ಜೊತೆ ಹಸಿ ಜುಕಿನಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದಕ್ಕೂ ಇದೇ ಅಪಾಯ. ಮಾವಿನಕಾಯಿ ಉಪ್ಪಿನಕಾಯಿ ಹೊರಗೆ ಬಾಳುವುದು ಅದರ ಹುಳಿ ಮತ್ತು ಉಪ್ಪಿನಿಂದ, ಎಣ್ಣೆಯೊಂದರಿಂದಲೇ ಅಲ್ಲ.

ಹೊರತೆಗೆದು ಬೇಯಿಸುವಾಗ

ಫ್ರೀಜರಿನ ತುರಿಯನ್ನು ಜರಡಿಯಲ್ಲಿಟ್ಟು ಫ್ರಿಜ್‌ನ ಕೆಳ ಅಂಕಣದಲ್ಲಿ ಕರಗಿಸಿ. ಮತ್ತೆ ನೀರು ಇಳಿಯುತ್ತದೆ, ಇನ್ನೊಮ್ಮೆ ಹಿಂಡಿ. ಒಗ್ಗರಣೆಗೆ ಸಾಸಿವೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಮೇಲೆ ತುರಿ ಹಾಕಿ ದೊಡ್ಡ ಉರಿಯಲ್ಲಿ ಐದು ನಿಮಿಷ ಪಸೆ ಆರಿಸಿ, ಆಮೇಲೆ ಕಡಲೆಹಿಟ್ಟು ಉದುರಿಸುತ್ತ ತಿರುವಿದರೆ ಉದುರು ಜುಣಕ. ನೀರು ಬೇರೆ ಹಾಕುವುದೇ ಬೇಡ. ಥಾಲಿಪಟ್ಟಿಗೂ ಹಾಗೆಯೇ, ತುರಿಯ ಪಸೆಯಲ್ಲೇ ಹಿಟ್ಟು ಕಲಸಿ ನೋಡಿ, ಸಾಲದಿದ್ದರಷ್ಟೇ ನೀರು.

ಒಣಬಿಲ್ಲೆಯನ್ನು ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ ತೊಗರಿಬೇಳೆ ಜೊತೆ ಬೇಯಿಸಿ. ಹಸಿಯದರಂತೆ ಆಗುವುದಿಲ್ಲ, ಅದನ್ನು ನಿರೀಕ್ಷಿಸಲೂಬೇಡಿ. ಹಲ್ಲಿಗೆ ಸ್ವಲ್ಪ ಸಿಗುವಂತೆ, ಒಣ ಟೊಮೆಟೊದ ಹತ್ತಿರದ ಒಂದು ಗಾಢ ರುಚಿ ಬಂದಿರುತ್ತದೆ, ನನಗೆ ಹಸಿಯದಕ್ಕಿಂತ ಅದೇ ಹಿಡಿಸಿತು. ಬಾಳಕಕ್ಕೆ ಎಣ್ಣೆ ಚೆನ್ನಾಗಿ ಕಾದಿರಲಿ, ಆದರೆ ಹೊಗೆಯಾಡಬಾರದು. ಒಂದೊಂದೇ ಹಿಡಿ ಬಿಟ್ಟು, ಎಂಟು ಹತ್ತು ಎಣಿಸುವಷ್ಟರಲ್ಲಿ ಎತ್ತಿಬಿಡಿ. ಮಜ್ಜಿಗೆಯ ಅಂಶ ಬೇಗ ಕಪ್ಪಾಗುತ್ತದೆ, ಎಣ್ಣೆಯಲ್ಲಿ ತಿಳಿ ಕಂದು ಕಂಡದ್ದು ತಟ್ಟೆಗೆ ಬರುವ ಹೊತ್ತಿಗೆ ಇನ್ನೂ ಎರಡು ಛಾಯೆ ಏರಿರುತ್ತದೆ.

ಕಳೆದ ಶ್ರಾವಣದ ಸೋಮವಾರ ಪಕ್ಕದ ಮನೆಯವರಿಗೆ ಅನ್ನ ಸಾರಿನ ಜೊತೆ ಒಂದು ಬಟ್ಟಲು ಬಾಳಕ ಕಳಿಸಿದ್ದೆ. ಬಟ್ಟಲು ವಾಪಸ್ ತಂದಾಗ ಕೇಳಿದರು: “ಚವಳಿಕಾಯಿ ಇಷ್ಟ್ ಅಗಲ ಎಲ್ಲಿ ಸಿಕ್ತ್ರಿ ಅಕ್ಕಾರ?”